ಇದರಲ್ಲಿ ಗೇಮ್ ಓಡ್ತದಾ?

2003ರ ಹೊತ್ತಿಗೆ ಮಂಗಳೂರಿನ ಮಧ್ಯಮವರ್ಗದ ಮನೆಗಳಿಗೆ ಬರುತ್ತಿದ್ದ ಕಂಪ್ಯೂಟರುಗಳಲ್ಲಿ ಹೆಚ್ಚಿನವು ಅಸೆಂಬಲ್ ಮಾಡಿಸಿದವು. ಹಂಪನಕಟ್ಟೆಯಿಂದ ಬಲ್ಮಠದವರೆಗಿನ ಯಾವುದಾದರೂ ಕಟ್ಟಡದ ಮಹಡಿಯಲ್ಲಿ ಅಂಗಡಿ. ಮದರ್‌ಬೋರ್ಡ್, ರ‍್ಯಾಮ್, ಹಾರ್ಡ್‌ಡಿಸ್ಕ್, ಮಾನಿಟರ್ ಎಂದು ಚೀಟಿಯಲ್ಲಿ ಸಾಲಾಗಿ ಬರೆದು ಕೆಳಗೆ ಮೊತ್ತ ಹಾಕಿ ಕೊಡುತ್ತಿದ್ದರು. ಆ ಪಟ್ಟಿಯಲ್ಲಿ ವಿಂಡೋಸ್‌ನ ಹೆಸರು ಇರುತ್ತಿರಲಿಲ್ಲ. ಮನೆಗೆ ತಂದು ಸ್ವಿಚ್ ಹಾಕಿದರೆ ವಿಂಡೋಸ್ ಎಕ್ಸ್‌ಪಿ ತೆರೆದುಕೊಳ್ಳುತ್ತಿತ್ತು. ಜತೆಗೆ ಡೇವ್, ಪ್ರಿನ್ಸ್ ಆಫ್ ಪರ್ಷಿಯಾ, ರೋಡ್ ರ‍್ಯಾಶ್. ಆಮೇಲಿನದೆಲ್ಲ, ಅಂದರೆ ಪ್ರಾಜೆಕ್ಟ್ ಐಜಿಐ, ಏಜ್ ಆಫ್ ಎಂಪೈರ್ಸ್, ವೈಸ್ ಸಿಟಿ, ರೈಟ್ ಮಾಡಿದ ಸಿಡಿಗಳಲ್ಲಿ ಶಾಲೆಯ ಚೀಲದಿಂದ ಚೀಲಕ್ಕೆ ದಾಟುತ್ತಿತ್ತು. ಯಾರೂ ಅದನ್ನು ಕಳವು ಎಂದು ಭಾವಿಸಿರಲಿಲ್ಲ. ಕೊಂಡು ಆಡುವ ದಾರಿಯೇ ನಮಗೆ ಕಾಣುತ್ತಿರಲಿಲ್ಲ.

ವಿಂಡೋಸ್‌ನ ಜಾಗದಲ್ಲಿ ಕೂರಬಲ್ಲ ಮುಕ್ತ ವ್ಯವಸ್ಥೆ ಲಿನಕ್ಸ್ ಬಂದದ್ದು ಪತ್ರಿಕೆಯ ಜತೆಗಿನ ಸಿಡಿಯಾಗಿ. ಪಿಸಿಕ್ವೆಸ್ಟ್ ಪತ್ರಿಕೆ 1990ರ ದಶಕದಿಂದಲೇ ಲಿನಕ್ಸ್ ಸಿಡಿ ಕೊಡುತ್ತಿತ್ತು. 2003ರಲ್ಲಿ ‘ಲಿನಕ್ಸ್ ಫಾರ್ ಯು’ ಎಂಬ ಪತ್ರಿಕೆಯೇ ಶುರುವಾಯಿತು. ನನ್ನ ಕೈಗೆ ಸಿಕ್ಕಿದ್ದು ಫೆಡೋರಾ ಕೋರ್ ಎಂಬ ಲಿನಕ್ಸ್. ಹಾರ್ಡ್‌ಡಿಸ್ಕನ್ನು ಪಾಲು ಮಾಡಿ ಎಕ್ಸ್‌ಪಿಯ ಪಕ್ಕದಲ್ಲಿ ಅದನ್ನು ಕೂರಿಸಿದೆ. ಮೊದಲು ಎದುರಾದ ತೊಡಕು ಇಂಟರ್‌ನೆಟ್. ಆಗ ಅಂಗಡಿಯವರು ಹಾಕಿಕೊಡುತ್ತಿದ್ದ ಅಗ್ಗದ ಇಂಟರ್ನಲ್ ಮೋಡೆಮ್‌ಗಳು ತಮ್ಮ ಅರ್ಧ ಕೆಲಸವನ್ನು ವಿಂಡೋಸ್‌ನ ತಂತ್ರಾಂಶಕ್ಕೆ ಬಿಟ್ಟಿದ್ದವು. ವಿಂಡೋಸ್ ಇಲ್ಲದಿದ್ದರೆ ಅವು ಬರೀ ಹಸಿರು ಹಲಗೆ. ಎರಡನೆಯದು ಗ್ರಾಫಿಕ್ಸ್. ಡ್ರೈವರ್ ಸರಿಯಾಗಿ ಕೂತಿದೆಯೇ ಎಂದು ನೋಡಲು ಟರ್ಮಿನಲ್‌ನಲ್ಲಿ ‘ಜಿಎಲ್ಎಕ್ಸ್‌ಗಿಯರ್ಸ್’ ಎಂದು ಟೈಪ್ ಮಾಡಬೇಕಿತ್ತು. ಕೆಂಪು, ಹಸಿರು, ನೀಲಿ ಬಣ್ಣದ ಮೂರು ಹಲ್ಲುಚಕ್ರಗಳು ತಿರುಗುತ್ತಿದ್ದವು. ಅವು ಸರಾಗವಾಗಿ ತಿರುಗಿದರೆ ಟಕ್ಸ್ ರೇಸರ್ ಆಡಬಹುದು, ಪೆಂಗ್ವಿನ್ ಒಂದು ಹೊಟ್ಟೆಯ ಮೇಲೆ ಹಿಮದಲ್ಲಿ ಜಾರುತ್ತ ಮೀನು ಹೆಕ್ಕುವ ಆಟ. ಎಳೆದಾಡಿದರೆ ಫ್ರೋಜನ್ ಬಬಲ್‌ನಲ್ಲಿ ಬಣ್ಣದ ಗುಳ್ಳೆ ಒಡೆಯುತ್ತ ಕೂರಬೇಕು.

ಮನೆಗೆ ಬಂದ ಗೆಳೆಯರು ಒಂದೇ ಪ್ರಶ್ನೆ ಕೇಳುತ್ತಿದ್ದರು.

“ಇದರಲ್ಲಿ ಗೇಮ್ ಓಡ್ತದಾ?”

“ಉಂಟಲ್ಲ.”

“ವೈಸ್ ಸಿಟಿ?”

“ಅದು ಓಡುದಿಲ್ಲ.”

“ಮತ್ತೆ ಎಂತಕ್ಕೆ ಮಾರಾಯ ಇದು?”

ಆ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರ ಇರಲಿಲ್ಲ. ಜಗತ್ತಿನಲ್ಲೂ ಅಷ್ಟಾಗಿ ಇರಲಿಲ್ಲ. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ‘ವೈನ್’ ಯೋಜನೆ 1993ರಲ್ಲೇ ಶುರುವಾಗಿತ್ತು, ಆದರೆ ಹತ್ತು ವರ್ಷದ ನಂತರವೂ ದೊಡ್ಡ ಗೇಮ್ ಹಾಕಿದರೆ ಕಪ್ಪು ಪರದೆ ಬರುವುದೇ ಹೆಚ್ಚು. ಅಮೆರಿಕದ ಲೋಕಿ ಸಾಫ್ಟ್‌ವೇರ್ ಎಂಬ ಕಂಪನಿ 1998ರಿಂದ ಹೆಸರಾಂತ ಗೇಮ್‌ಗಳನ್ನು ಲಿನಕ್ಸ್‌ಗೆ ಒಗ್ಗಿಸಿ ಮಾರಲು ಹೊರಟು, ಕೊಳ್ಳುವವರು ಸಾಲದೆ 2002ರ ಆರಂಭದಲ್ಲಿ ಬಾಗಿಲು ಮುಚ್ಚಿತ್ತು. ಉಳಿದದ್ದು ಲಿನಕ್ಸ್‌ನವರೇ ಬರೆದ ಆಟಗಳು. ಅವುಗಳಲ್ಲಿ ‘ದ ಬ್ಯಾಟಲ್ ಫಾರ್ ವೆಸ್ನಾತ್’ ಅನ್ನು ನಾನು ಬಹಳ ಆಡಿದೆ. ಷಟ್ಕೋನದ ಮನೆಗಳ ಮೇಲೆ ಸೈನ್ಯ ನಡೆಸುವ ಆಟ. 2003ರಲ್ಲಿ ಬಂದದ್ದು, ಇವತ್ತಿಗೂ ಬೆಳೆಯುತ್ತಿದೆ. ಗ್ರಾಫಿಕ್ಸ್ ಕಾರ್ಡ್ ಬೇಡ. ಅದರ ಸಿಡಿಯನ್ನು ಯಾರಿಗೆ ಬೇಕಾದರೂ ಕಾಪಿ ಮಾಡಿ ಕೊಡಬಹುದು, ಅದು ಕಾನೂನಿನ ಪ್ರಕಾರವೇ ಸರಿ ಎಂಬುದು ನನಗೆ ಆ ವಯಸ್ಸಿನಲ್ಲಿ ದೊಡ್ಡ ಸಂಗತಿಯಾಗಿ ಕಂಡಿತ್ತು. ಈಗಲೂ ಕಾಣುತ್ತದೆ.

ಕೇರಳದ ಗಡಿಯ ತಲಪಾಡಿ ದಾಟಿದರೆ ಕತೆ ಬೇರೆ ಇತ್ತು. ಕೇರಳದ ಐಟಿ@ಸ್ಕೂಲ್ ಯೋಜನೆ ಆ ದಶಕದ ಉತ್ತರಾರ್ಧದಲ್ಲಿ ರಾಜ್ಯದ ಹೈಸ್ಕೂಲುಗಳ ಕಂಪ್ಯೂಟರ್ ಪಾಠವನ್ನು ಪೂರ್ತಿಯಾಗಿ ಲಿನಕ್ಸ್‌ಗೆ ಸಾಗಿಸಿತು. ಅದರೊಳಗೆ ಕಾಸರಗೋಡು, ಮಂಜೇಶ್ವರದ ಕನ್ನಡ ಮಾಧ್ಯಮದ ಶಾಲೆಗಳೂ ಬಂದವು. ಮಂಜೇಶ್ವರದ ಕಡೆ ಓದುತ್ತಿದ್ದ ನನ್ನ ಚಿಕ್ಕಮ್ಮನ ಮಗ ರಜೆಗೆ ನಮ್ಮ ಮನೆಗೆ ಬಂದರೆ ಎಕ್ಸ್‌ಪಿಯನ್ನು ಬಿಟ್ಟು ಲಿನಕ್ಸ್ ತೆರೆಯುತ್ತಿದ್ದ. ಅವನಿಗೆ ಕಂಪ್ಯೂಟರ್ ಎಂದರೆ ಅದೇ. ಟಕ್ಸ್ ಪೇಂಟ್‌ನಲ್ಲಿ ಚಿತ್ರ ಬಿಡಿಸುವುದು, ಜಿಕಾಂಪ್ರಿಯಲ್ಲಿ ಲೆಕ್ಕದ ಆಟ, ಕೆಜಿಯಾಗ್ರಫಿಯಲ್ಲಿ ಭೂಪಟದ ಮೇಲೆ ರಾಜ್ಯ ಗುರುತಿಸುವುದು, ಇವೆಲ್ಲ ಅವನ ಶಾಲೆಯ ಲ್ಯಾಬಿನಲ್ಲಿ ಪಾಠವೂ ಆಗಿದ್ದವು, ಆಟವೂ ಆಗಿದ್ದವು. ಗೇಮ್ ಓಡುತ್ತದೆಯೇ ಎಂದು ಅವನು ಒಮ್ಮೆಯೂ ಕೇಳಲಿಲ್ಲ. ಗಡಿಯಿಂದ ಇತ್ತ ನಾವು ಪತ್ರಿಕೆಯ ಸಿಡಿ ಹಿಡಿದು ಒಬ್ಬೊಬ್ಬರೇ ಗುದ್ದಾಡುತ್ತಿದ್ದುದನ್ನು ಅತ್ತ ಒಂದು ಸರ್ಕಾರ ತರಗತಿಯಲ್ಲಿ ಮಾಡಿತ್ತು. ಆ ಯೋಜನೆ 2017ರಲ್ಲಿ ‘ಕೈಟ್’ ಎಂಬ ಹೆಸರಿನ ಸಂಸ್ಥೆಯಾಗಿ ಮಾರ್ಪಟ್ಟು ಈಗಲೂ ನಡೆಯುತ್ತಿದೆ. ಅಂಥದ್ದು ನಮ್ಮ ದಕ್ಷಿಣ ಕನ್ನಡದ ಶಾಲೆಗಳಲ್ಲಿ ಆಗಲಿಲ್ಲ ಎಂಬ ಕೊರಗು ನನಗಿದೆ.

2005ರ ನಂತರ ಎರಡು ಅನುಕೂಲಗಳು ಬಂದವು. ಉಬುಂಟು ಎಂಬ ಲಿನಕ್ಸ್‌ನ ಸಿಡಿಗಳನ್ನು ಕೇಳಿದವರ ಮನೆಗೆ ಅಂಚೆಯಲ್ಲಿ ಪುಕ್ಕಟೆ ಕಳಿಸುವ ಏರ್ಪಾಡು ಒಂದು. ಅದು 2011ರವರೆಗೆ ನಡೆಯಿತು. ಇನ್ನೊಂದು ಬಿಎಸ್ಎನ್ಎಲ್‌ನ ಬ್ರಾಡ್‌ಬ್ಯಾಂಡ್. ವೈರು ಚುಚ್ಚಿದೊಡನೆ ಲಿನಕ್ಸ್‌ಗೆ ಇಂಟರ್‌ನೆಟ್ ಸಿಕ್ಕಿತು, ಮೋಡೆಮ್‌ನ ಹಳೆಯ ಜಗಳ ಮುಗಿಯಿತು. ರಾತ್ರಿ 2ರಿಂದ ಬೆಳಗ್ಗೆ 8ರವರೆಗೆ ಲೆಕ್ಕವಿಲ್ಲದೆ ಇಳಿಸಿಕೊಳ್ಳಬಹುದಾದ ಪ್ಲ್ಯಾನ್ ಇತ್ತು. ಅಲಾರಾಂ ಇಟ್ಟು ಎದ್ದು ಡೌನ್‌ಲೋಡ್ ಹಾಕಿ ಮತ್ತೆ ಮಲಗುವವರು ನಮ್ಮ ಬೀದಿಯಲ್ಲಿ ನಾನೊಬ್ಬನೇ ಅಲ್ಲ.

ಕರಾವಳಿಯ ಹವೆ ಮಾತ್ರ ಕಂಪ್ಯೂಟರಿಗೆ ಹೇಳಿಸಿದ್ದಲ್ಲ. ಮಳೆಗಾಲ ಮುಗಿಯುವಾಗ ಸಿಡಿಗಳ ಮೇಲೆ ಬೂಷ್ಟು ಕಟ್ಟಿರುತ್ತಿತ್ತು, ರ‍್ಯಾಮ್‌ನ ಕಾಲುಗಳನ್ನು ರಬ್ಬರಿನಿಂದ ತಿಕ್ಕಬೇಕಾಗುತ್ತಿತ್ತು. ಏಪ್ರಿಲ್, ಮೇ ಸಂಜೆಗಳಲ್ಲಿ ಮೂಡಣದಲ್ಲಿ ಗುಡುಗಿದರೆ ಸಾಕು, ಅಮ್ಮ ಒಳಗಿನಿಂದಲೇ “ವಯರ್ ತೆಗಿ” ಎನ್ನುತ್ತಿದ್ದರು. ಕರೆಂಟಿನದ್ದು, ಫೋನಿನದ್ದು ಎರಡೂ. ಸಿಡಿಲು ಫೋನಿನ ತಾಮ್ರದ ತಂತಿಯ ಮೇಲೆ ಬಂದು ಮೋಡೆಮನ್ನೂ ಅದರ ಹಿಂದಿನ ಮದರ್‌ಬೋರ್ಡನ್ನೂ ಸುಟ್ಟ ಮನೆಗಳು ಊರಿಡೀ ಇದ್ದವು. ಅರ್ಧ ಆಡಿದ ಆಟ ಅಲ್ಲಿಗೆ ನಿಲ್ಲುತ್ತಿತ್ತು. ಈಗ ಮನೆಗೆ ಬರುವುದು ಫೈಬರ್. ಗಾಜಿನ ಎಳೆಯಲ್ಲಿ ಸಿಡಿಲಿನ ವಿದ್ಯುತ್ ಹರಿಯುವುದಿಲ್ಲ. ಕೈಯಲ್ಲಿರುವ ಯಂತ್ರಕ್ಕೆ ಬ್ಯಾಟರಿ ಇದೆ. ಪ್ಲಗ್ ಕಿತ್ತು ಆಡುತ್ತಲೇ ಇರಬಹುದು.

ಇಂಜಿನಿಯರಿಂಗ್ ಕಾಲೇಜಿನ ಭಾಗವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಏಕೆಂದರೆ ಕರ್ನಾಟಕದಲ್ಲಿ ಲಿನಕ್ಸ್ ಮತ್ತು ಗೇಮ್ ಎರಡನ್ನೂ ಅತಿ ಹೆಚ್ಚು ಮಂದಿ ಒಟ್ಟಿಗೆ ಮುಟ್ಟಿದ್ದು ಅಲ್ಲಿರಬೇಕು ಎಂದು ನನ್ನ ನಂಬಿಕೆ. ವಿಟಿಯು ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್‌ನವರಿಗೆ ಆರನೇ ಸೆಮಿಸ್ಟರಿನಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಲ್ಯಾಬ್ ಇತ್ತು. ಸಿ ಭಾಷೆಯಲ್ಲಿ ಓಪನ್‌ಜಿಎಲ್ ಬಳಸಿ ತಿರುಗುವ ಬಣ್ಣದ ಘನ, ಮೇಜಿನ ಮೇಲಿನ ಚಹಾದ ಪಾತ್ರೆ, ಗೆರೆ ಕತ್ತರಿಸುವ ವಿಧಾನಗಳು. ಕೊನೆಗೆ ಒಂದು ಮಿನಿ ಪ್ರಾಜೆಕ್ಟ್. ನಮ್ಮ ಲ್ಯಾಬಿನ ಯಂತ್ರಗಳಲ್ಲಿ ಫೆಡೋರಾ ಇತ್ತು, ಬರೆದದ್ದನ್ನೆಲ್ಲ ಅಲ್ಲೇ ಜಿಸಿಸಿಯಲ್ಲಿ ಕಂಪೈಲ್ ಮಾಡುತ್ತಿದ್ದೆವು. ಮಿನಿ ಪ್ರಾಜೆಕ್ಟ್ ಎಂದರೆ ಅರ್ಧ ತರಗತಿ ಪಿಂಗ್‌ಪಾಂಗ್, ಇಟ್ಟಿಗೆ ಒಡೆಯುವ ಆಟ, ಹಾವಿನ ಆಟ ಮಾಡುತ್ತಿತ್ತು. ಸೀನಿಯರ್‌ಗಳ ಕೋಡು ಪೆನ್‌ಡ್ರೈವಿನಲ್ಲಿ ಇಳಿದು ಬರುತ್ತಿತ್ತು.

2009ರಲ್ಲಿ ನಮ್ಮ ಜೋಡಿ ಕಂಬಳದ ಆಟ ಮಾಡಿತು. ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಎಂಬ ನಾಲ್ಕು ವಿಭಾಗಗಳಲ್ಲಿ ನಾವು ಹಿಡಿದದ್ದು ಕನೆ ಹಲಗೆಯನ್ನು. ಅಲ್ಲಿ ಗೆಲುವು ವೇಗದಲ್ಲಿಲ್ಲ. ಕೋಣಗಳು ಓಡುವಾಗ ಹಲಗೆಯ ತೂತಿನಿಂದ ಚಿಮ್ಮುವ ನೀರು ಮೇಲೆ ಕಟ್ಟಿದ ನಿಶಾನೆಗೆ ತಾಗಬೇಕು. ನೀರಿನ ಹನಿಗಳನ್ನು ಚುಕ್ಕಿಗಳಾಗಿ ಬಿಡಿಸಿ, ಪ್ರತಿ ಚುಕ್ಕಿಗೂ ವೇಗ ಕೊಟ್ಟು, ಗುರುತ್ವದಿಂದ ಕೆಳಗೆ ಬಾಗಿಸಿದರೆ ಪಿಯುಸಿಯಲ್ಲಿ ಕಲಿತ ಪ್ರಕ್ಷೇಪಕದ ಸೂತ್ರ ಕಣ್ಣೆದುರು ಚಿಮ್ಮುತ್ತಿತ್ತು. ಕೋಣಗಳು ಕಪ್ಪು ಆಯತಗಳು, ಅವು ಓಡುವ ಕೆಸರಿನ ಕರೆ ಕಂದು ಪಟ್ಟಿ. ಓಟ ಶುರುವಾಗುವ ಗಂತಿನಿಂದ ಬಿಟ್ಟು ಅದು ಮುಗಿಯುವ ಮಂಜೊಟ್ಟಿ ಮುಟ್ಟುವುದರೊಳಗೆ ಸರಿಯಾದ ಹೊತ್ತಿಗೆ ಸ್ಪೇಸ್‌ಬಾರ್ ಒತ್ತಬೇಕು. ವೈವಾಕ್ಕೆ ಬಂದ ಪರೀಕ್ಷಕರು ಬಂಟ್ವಾಳದ ಕಡೆಯವರು. ನಿಶಾನೆ ಎಷ್ಟು ಕೋಲು ಎತ್ತರ ಎಂದು ಮೊದಲು ಕೇಳಿ, ಆಮೇಲೆ ಮ್ಯಾಟ್ರಿಕ್ಸ್ ಬಗ್ಗೆ ಕೇಳಿದರು.

ಅದರಲ್ಲಿ ಒಂದು ಕೊರತೆ ಉಳಿಯಿತು. ಪರದೆಯ ಮೇಲೆ ಅಕ್ಷರ ಬರೆಯಲು ನಮಗಿದ್ದ ಗ್ಲಟ್ ಲೈಬ್ರರಿಯ ಸೌಲಭ್ಯದಲ್ಲಿ ಇಂಗ್ಲಿಷ್ ಅಕ್ಷರಗಳು ಮಾತ್ರ ಇದ್ದವು. ಹಗ್ಗದ ಗಕಾರದ ಒತ್ತು, ಮಂಜೊಟ್ಟಿಯ ಟಕಾರದ ಒತ್ತು ಕೂಡಿಸುವ ವ್ಯವಸ್ಥೆ ಅದಕ್ಕೆ ಗೊತ್ತೇ ಇಲ್ಲ. ಕನ್ನಡವನ್ನು ಚಿತ್ರವಾಗಿ ಅಂಟಿಸಬಹುದಿತ್ತು, ಸಮಯ ಇರಲಿಲ್ಲ. ಆಟದ ಹೆಸರೂ ಅಂಕಗಳೂ ಇಂಗ್ಲಿಷಿನಲ್ಲೇ ಹೋದವು.

ಅದೇ ವರ್ಷಗಳಲ್ಲಿ ಸುರತ್ಕಲ್‌ನ ಎನ್ಐಟಿಕೆಯಲ್ಲಿದ್ದ ಗೆಳೆಯನ ಹಾಸ್ಟೆಲ್ಲಿಗೆ ಹೋದಾಗ ಲ್ಯಾನ್‌ನಲ್ಲಿ ಓಪನ್ ಅರೀನಾ ಆಡಿದ್ದೆವು. 2005ರಲ್ಲಿ ಕ್ವೇಕ್ 3ರ ಮೂಲಕೋಡನ್ನು ಐಡಿ ಸಾಫ್ಟ್‌ವೇರ್ ಸಾರ್ವಜನಿಕಗೊಳಿಸಿದ ಮೇಲೆ ಅದರ ಮೇಲೆ ಕಟ್ಟಿದ ಮುಕ್ತ ಆಟ ಅದು. ವಿಂಡೋಸ್ ಯಂತ್ರವೂ ಲಿನಕ್ಸ್ ಯಂತ್ರವೂ ಒಂದೇ ಅಂಕಣದಲ್ಲಿ ಗುಂಡು ಹಾರಿಸಿಕೊಂಡವು.

ಮುಂದಿನ ಬದಲಾವಣೆ ಮಂಗಳೂರಿನಿಂದ ಬಹುದೂರದಲ್ಲಿ ಆಯಿತು. ಸ್ಟೀಮ್ ಎಂಬ ಗೇಮ್ ಅಂಗಡಿ ನಡೆಸುವ ವಾಲ್ವ್ ಕಂಪನಿಗೆ ವಿಂಡೋಸ್ 8 ಬಂದಾಗ ಭಯ ಹುಟ್ಟಿತು: ಮೈಕ್ರೋಸಾಫ್ಟ್ ತನ್ನದೇ ಅಂಗಡಿ ತೆರೆದು ಬಾಗಿಲು ಮುಚ್ಚಿದರೆ ತಮ್ಮ ಗತಿಯೇನು? 2013ರಲ್ಲಿ ಸ್ಟೀಮ್ ಲಿನಕ್ಸ್‌ಗೆ ಬಂತು. 2015ರಲ್ಲಿ ‘ಸ್ಟೀಮ್ ಮಷಿನ್’ ಎಂಬ ಲಿನಕ್ಸ್ ಡಬ್ಬಗಳು ಬಂದು ಸೋತವು, ಏಕೆಂದರೆ ಅವುಗಳಲ್ಲಿ ಆಡಲು ಬೇಕಾದಷ್ಟು ಆಟಗಳಿರಲಿಲ್ಲ. ಲಿನಕ್ಸ್‌ಗಾಗಿ ಗೇಮ್ ಬರೆಯಿರಿ ಎಂದು ಕೇಳಿದರೆ ಯಾರೂ ಬರೆಯುವುದಿಲ್ಲ ಎಂಬುದು ಆಗ ಖಾತ್ರಿಯಾಯಿತು. ಮೂರು ವರ್ಷದ ನಂತರ, 2018ರ ಆಗಸ್ಟ್‌ನಲ್ಲಿ, ಕಂಪನಿ ಬೇರೆ ದಾರಿ ಹಿಡಿಯಿತು. ವಿಂಡೋಸ್‌ಗಾಗಿ ಬರೆದ ಗೇಮನ್ನೇ ಮುಟ್ಟದೆ ಓಡಿಸುವ ‘ಪ್ರೋಟಾನ್’ ಬಂತು. ಅದರ ಅಡಿಪಾಯ ಅದೇ ಹಳೆಯ ವೈನ್. ಜತೆಗೆ ಡಿಎಕ್ಸ್‌ವಿಕೆ ಎಂಬ ಪದರ. ಫಿಲಿಪ್ ರೆಬೋಲೆ ಎಂಬ ಪ್ರೋಗ್ರಾಮರ್ ತನಗೆ ‘ನಿಯರ್: ಆಟೋಮೇಟಾ’ ಆಡಬೇಕೆಂಬ ಹಂಬಲಕ್ಕೆ ಬರೆಯಲು ತೊಡಗಿದ್ದ ಕೋಡು ಅದು.

ಪ್ರೋಟಾನ್ ಕೆಲಸ ಮಾಡುವ ಬಗೆ ಮಂಗಳೂರಿನವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಮೀನು ಮಾರುಕಟ್ಟೆಯಲ್ಲಿ ಒಬ್ಬರು ತುಳುವಿನಲ್ಲಿ ಕೇಳಿದ ದರವನ್ನು ಪಕ್ಕದವರು ಬ್ಯಾರಿ ಭಾಷೆಯಲ್ಲಿ ದಾಟಿಸುತ್ತಾರೆ, ವ್ಯಾಪಾರ ನಿಲ್ಲುವುದಿಲ್ಲ. ಹಾಗೆಯೇ ಗೇಮು ವಿಂಡೋಸ್‌ಗೆಂದು ಡೈರೆಕ್ಟ್3ಡಿ ಎಂಬ ಗ್ರಾಫಿಕ್ಸ್ ಭಾಷೆಯಲ್ಲಿ ಹೇಳಿದ್ದನ್ನು ಡಿಎಕ್ಸ್‌ವಿಕೆ ಆ ಕ್ಷಣದಲ್ಲೇ ಲಿನಕ್ಸ್‌ಗೆ ತಿಳಿಯುವ ವಲ್ಕನ್‌ಗೆ ದಾಟಿಸುತ್ತದೆ, ಫೈಲು, ಕೀಲಿ, ಧ್ವನಿಯ ಕೋರಿಕೆಗಳನ್ನು ವೈನ್ ಲಿನಕ್ಸ್‌ಗೆ ದಾಟಿಸುತ್ತದೆ. ವಿಂಡೋಸ್ ಇಲ್ಲವೆಂದು ಗೇಮಿಗೆ ತಿಳಿಯುವುದೇ ಇಲ್ಲ.

2022ರ ಫೆಬ್ರವರಿ 28ರಂದು ಬಂದ ಸ್ಟೀಮ್ ಡೆಕ್ ಈ ಕೆಲಸವನ್ನು ಕೈಗೆ ತಂದಿತು. 7 ಇಂಚಿನ ಪರದೆ, ಎರಡೂ ಬದಿಗೆ ಹಿಡಿಕೆ, 669 ಗ್ರಾಂ ತೂಕ, ಒಳಗೆ ಆರ್ಚ್ ಲಿನಕ್ಸ್ ಆಧರಿಸಿದ ಸ್ಟೀಮ್‌ಓಎಸ್. ಅದೇ ವಾರ ಎಲ್ಡನ್ ರಿಂಗ್ ಬಿಡುಗಡೆಯಾಗಿ ವಿಂಡೋಸ್‌ನಲ್ಲಿ ತಡವರಿಸುತ್ತಿದ್ದಾಗ ವಾಲ್ವ್‌ನ ಇಂಜಿನಿಯರುಗಳು ಪ್ರೋಟಾನ್ ತಿದ್ದಿ ಡೆಕ್‌ನಲ್ಲಿ ಆ ತಡವರಿಕೆಯನ್ನು ತಗ್ಗಿಸಿದರು. ವಿಂಡೋಸ್‌ನ ಗೇಮು ವಿಂಡೋಸ್‌ಗಿಂತ ಲಿನಕ್ಸ್‌ನಲ್ಲಿ ನಯವಾಗಿ ಓಡಿತು. 2004ರಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ವಾಲ್ವ್ ಆಗ ಡೆಕ್ಕನ್ನು ಭಾರತಕ್ಕೆ ತರಲಿಲ್ಲ. ನನ್ನದು ದುಬೈಯಿಂದ ರಜೆಗೆ ಬಂದ ಭಾವನ ಕೈಚೀಲದಲ್ಲಿ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಈ ಊರಿನ ಮಕ್ಕಳ ಕೈಗೆ ಗೇಮ್‌ಬಾಯ್ ಬಂದ ದಾರಿಯೂ ಕೊಲ್ಲಿಯದೇ, ಅದೊಂದು ಬದಲಾಗಿಲ್ಲ. ಭಾರತದಲ್ಲಿ ಅಂಗಡಿಗೆ ಹೋಗಿ ಕೊಳ್ಳುವುದಾದರೆ 2023ರ ಜುಲೈಯಲ್ಲಿ 69,990 ರೂಪಾಯಿಗೆ ಬಂದ ಏಸಸ್‌ನ ಆರ್‌ಒಜಿ ಆಲೈ ಇತ್ತು. ಅದರಲ್ಲಿ ವಿಂಡೋಸ್ 11 ಇರುತ್ತದೆ. ಬೇಕಾದವರು ಅದನ್ನು ತೆಗೆದು ಫೆಡೋರಾ ಆಧರಿಸಿದ ‘ಬಜೈಟ್’ ಹಾಕಿಕೊಳ್ಳುತ್ತಾರೆ. ಸಣ್ಣ ಪರದೆಗೆ, ಕೀಬೋರ್ಡ್ ಇಲ್ಲದ ಕೈಗೆ ವಿಂಡೋಸ್ ಒಗ್ಗುವುದಿಲ್ಲ. ಇದನ್ನು ನಾನು ಬಳಸಿ ನೋಡಿಯೇ ಹೇಳುತ್ತಿದ್ದೇನೆ.

ಅಕ್ಕನ ಮಗ ಡೆಕ್ಕನ್ನು ಮೊದಲು ಹಿಡಿದಾಗ ಕೇಳಿದ್ದು ಅದೇ ಪ್ರಶ್ನೆ: “ಮಾವ, ಇದರಲ್ಲಿ ವ್ಯಾಲರೆಂಟ್ ಓಡ್ತದಾ?” ಓಡುವುದಿಲ್ಲ. ಮೋಸದಾಟ ತಡೆಯಲೆಂದು ವಿಂಡೋಸ್‌ನ ಆಳಕ್ಕೆ ಇಳಿಯುವ ತಂತ್ರಾಂಶವನ್ನು ಆ ಗೇಮು ಬೇಡುತ್ತದೆ. ಫೋರ್ಟ್‌ನೈಟ್‌ನದೂ ಅದೇ ಕತೆ. ಅಪೆಕ್ಸ್ ಲೆಜೆಂಡ್ಸ್ ಓಡುತ್ತಿದ್ದದ್ದು 2024ರ ಕೊನೆಯಲ್ಲಿ ನಿಂತಿತು. ಈ ಊರಿನ ಹುಡುಗರು ಗುಂಪಾಗಿ ಆಡುವುದು ಇಂಥವನ್ನೇ, ಇಲ್ಲವೇ ಫೋನಿನಲ್ಲಿ ಬಿಜಿಎಂಐ. ಅವರ ಮಟ್ಟಿಗೆ ಲಿನಕ್ಸ್ ಇನ್ನೂ ಹೊರಗೇ ಇದೆ. ಅದನ್ನು ಮುಚ್ಚಿಟ್ಟು ಹೊಗಳುವುದು ಸರಿಯಲ್ಲ.

ಒಬ್ಬರೇ ಆಡುವ ಆಟಗಳಲ್ಲಿ ಮಾತ್ರ ಹಳೆಯ ಲೆಕ್ಕ ತಲೆಕೆಳಗಾಗಿದೆ. ಬೆಂಗಳೂರಿನ ಬಸ್ಸು ಶಿರಾಡಿಯಲ್ಲಿ ಸಿಗ್ನಲ್ ಇಲ್ಲದ ಕಾಡು ಹಾಯುವಾಗ ನಾನು ಆಫ್‌ಲೈನ್‌ನಲ್ಲಿ ಏಜ್ ಆಫ್ ಎಂಪೈರ್ಸ್ 2ರ ಹೊಸ ಆವೃತ್ತಿ ಆಡುತ್ತೇನೆ, ಕೊಂಡದ್ದು, ರೂಪಾಯಿಯಲ್ಲಿ. 2015ರಿಂದ ಸ್ಟೀಮ್ ನಮ್ಮ ನಾಣ್ಯದಲ್ಲೇ ಬೆಲೆ ಹಾಕುತ್ತದೆ. ರೈಟ್ ಮಾಡಿದ ಸಿಡಿಯ ಕಾಲ ಮುಗಿಯಲು ಇದೂ ಕಾರಣ. ಆದರೆ ಕೊಂಡೆ ಎನ್ನುವುದೂ ಪೂರ್ತಿ ನಿಜವಲ್ಲ. ನೀವು ಪಡೆಯುತ್ತಿರುವುದು ಪರವಾನಗಿ ಮಾತ್ರ ಎಂದು 2024ರ ಅಕ್ಟೋಬರಿನಿಂದ ಹಣ ಕಟ್ಟುವ ಪುಟದಲ್ಲೇ ಸ್ಟೀಮ್ ಬರೆಯುತ್ತಿದೆ. ವೆಸ್ನಾತ್‌ನ ಸಿಡಿಯನ್ನು ಗೆಳೆಯನಿಗೆ ಕೊಟ್ಟ ಹಾಗೆ ಇದನ್ನು ಕೊಡಲಾಗದು. ಓಡಿಸುವ ವ್ಯವಸ್ಥೆ ಮುಕ್ತವಾಯಿತು, ಓಡುವ ಆಟ ಮುಕ್ತವಾಗಲಿಲ್ಲ. ಇಪ್ಪತ್ತು ವರ್ಷದ ಹೋರಾಟದಲ್ಲಿ ಗೆದ್ದದ್ದು ಅರ್ಧ ಎಂದೇ ನನ್ನ ತೀರ್ಮಾನ.

ಕಂಬಳದ ಆಟದ ಕೋಡು ಒಂದು ಹಳೆಯ ಮೇಲ್‌ನಲ್ಲಿ ಉಳಿದಿತ್ತು. ಡೆಕ್‌ನ ಡೆಸ್ಕ್‌ಟಾಪ್ ಮೋಡ್‌ಗೆ ಹೋಗಿ, ಡಿಸ್ಟ್ರೊಬಾಕ್ಸ್ ಎಂಬ ಸಲಕರಣೆಯಲ್ಲಿ ಗ್ಲಟ್‌ನ ಮುಕ್ತ ರೂಪವಾದ ಫ್ರೀಗ್ಲಟ್ ಹಾಕಿ ಕಂಪೈಲ್ ಮಾಡಿದರೆ ಎಚ್ಚರಿಕೆಯ ಸಾಲುಗಳು ಬಂದವು, ದೋಷ ಬರಲಿಲ್ಲ. 2009ರ ಫೆಡೋರಾದಲ್ಲಿ ಬರೆದದ್ದು ಒಂದಕ್ಷರ ಬದಲಿಸದೆ ಓಡಿತು. ಅದೇ ವರ್ಷ ಮೊಬೈಲ್‌ಗೆ ಕೊಂಡ ಒಂದು ಗೇಮೂ ಇವತ್ತು ನನ್ನಲ್ಲಿ ತೆರೆಯುವುದಿಲ್ಲ.

ಲಿನಕ್ಸ್ ಈಗ ದೊಡ್ಡದಾಗಿದೆ ಎಂದೇನಲ್ಲ. ಸ್ಟೀಮ್‌ನ ಸಮೀಕ್ಷೆಯಲ್ಲಿ ಅದರ ಪಾಲು ಮೊದಲ ಬಾರಿ ಶೇ. 3 ದಾಟಿದ್ದು 2025ರ ಅಕ್ಟೋಬರಿನಲ್ಲಿ. ಅದೇ ತಿಂಗಳ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕಲಾಗದ ಲ್ಯಾಪ್‌ಟಾಪ್‌ಗಳು ನಮ್ಮ ಮನೆಗಳ ಕಪಾಟಿನಲ್ಲಿ ಈಗ ಎಷ್ಟೋ ಇವೆ. ಅವುಗಳನ್ನು ಗುಜರಿಗೆ ಹಾಕಬೇಡಿ. ಲಿನಕ್ಸ್ ಹಾಕಿ ಮಕ್ಕಳಿಗೆ ಕೊಡಿ. ಟಕ್ಸ್ ಪೇಂಟ್‌ಗೆ ಕನ್ನಡದ ಮುಖವೂ ಇದೆ.

ಉಡುಪಿಯಲ್ಲಿ 99ಗೇಮ್ಸ್ ‘ಸ್ಟಾರ್ ಶೆಫ್’ ಮಾಡಿ ಜಗತ್ತಿಗೆ ಮಾರಿದ್ದನ್ನು ನೋಡಿದ ಕರಾವಳಿಗೆ ಆಟ ಕಟ್ಟುವ ಕೈ ಇದೆಯೇ ಎಂದು ಯಾರೂ ಕೇಳಬೇಕಿಲ್ಲ. ಆದರೂ ಸ್ಟೀಮ್‌ನ ಮೆನುವಿನಲ್ಲಿ ಕನ್ನಡ ಇಲ್ಲ, ಅಲ್ಲಿ ಕನ್ನಡ ಮಾತಾಡುವ ಆಟ ಸಿಗುವುದೂ ದುರ್ಲಭ. ನಮ್ಮನ್ನು 2009ರಲ್ಲಿ ತಡೆದ ತಾಂತ್ರಿಕ ಗೋಡೆ ಈಗಿಲ್ಲ. ಅರ್ಜೆಂಟೀನಾದಲ್ಲಿ ಹುಟ್ಟಿ 2014ರಲ್ಲಿ ಮುಕ್ತವಾದ ಗೊಡೋ ಎಂಬ ಗೇಮ್ ಎಂಜಿನ್‌ನ ನಾಲ್ಕನೇ ಆವೃತ್ತಿ, 2023ರ ಮಾರ್ಚ್‌ನಲ್ಲಿ ಬಂದದ್ದು, ಹಾರ್ಫ್‌ಬಜ್ ಎಂಬ ಲೈಬ್ರರಿ ಬಳಸಿ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುತ್ತದೆ. ಯೂನಿಕೋಡ್ ಕನ್ನಡ ಟೈಪ್ ಮಾಡಿದರೆ ಹಗ್ಗವೂ ಮಂಜೊಟ್ಟಿಯೂ ಪರದೆಯ ಮೇಲೆ ಸರಿಯಾಗಿ ಮೂಡುತ್ತವೆ. ಗೊಡೋಗೆ ಕಾಸು ಕೊಡಬೇಕಿಲ್ಲ, ಹಳೆಯ ಗ್ರಾಫಿಕ್ಸ್‌ಗೆ ಹೊಂದುವ ಆಯ್ಕೆ ಅದರಲ್ಲಿದೆ, ಮಾಡಿದ ಆಟವನ್ನು ನೇರ ಲಿನಕ್ಸ್‌ಗೂ ಡೆಕ್‌ಗೂ ಹೊರತೆಗೆಯಬಹುದು. ಈ ಊರಿನ ಕಾಲೇಜುಗಳಲ್ಲಿ ಈ ವರ್ಷ ಪ್ರಾಜೆಕ್ಟ್ ಹುಡುಕುತ್ತಿರುವವರು ಇದನ್ನು ಓದುತ್ತಿದ್ದರೆ, ಹಾವಿನ ಆಟ ಸಾಕು. ನಿಮ್ಮ ಊರಿನ ಆಟವನ್ನು ನಿಮ್ಮ ಅಕ್ಷರದಲ್ಲಿ ಮಾಡಿ, ಕೋಡನ್ನು ಎಲ್ಲರಿಗೂ ತೆರೆದಿಡಿ.